ಮಿಡ್ಲ್ ನೇಮ್ ಎರಡಿವೆ, ಬಾಕ್ಸ್ ಒಂದೇ ಇದೆ: ಯಾವುದನ್ನು ಬರೆಯಬೇಕು?

ಪ್ರಶ್ನೆ: ನಾನು ಅಮೆರಿಕದ ಪ್ರಜೆ. ಹೆಂಡತಿಯ ಗ್ರೀನ್ ಕಾರ್ಡ್ ಅರ್ಜಿಯನ್ನು ನಾವೇ ತುಂಬುತ್ತಿದ್ದೇವೆ. ಅವಳ ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಎಂಬಲ್ಲಿ ಮೂರು ಹೆಸರುಗಳಿವೆ, ಸರ್‌ನೇಮ್ ಒಂದು. ಫಾರ್ಮಿನಲ್ಲಿ ಮಿಡ್ಲ್ ನೇಮ್‌ಗೆ ಇರುವುದು ಒಂದೇ ಬಾಕ್ಸ್. ಎರಡನೇ ಮಿಡ್ಲ್ ನೇಮ್ ಬಿಟ್ಟುಬಿಡಲೇ? ಇನಿಶಿಯಲ್ ಹಾಕಿದರೆ ಸಾಕೇ? ನಡುವೆ ಹೈಫನ್ ಹಾಕಿ ಎರಡನ್ನೂ ಸೇರಿಸಿಬಿಡಲೇ? ವಿಸಾದಲ್ಲಿ ಮೂರೂ ಹೆಸರಿವೆ. ಮದುವೆ ಪ್ರಮಾಣಪತ್ರದಲ್ಲಿ ಒಂದೇ ಮಿಡ್ಲ್ ನೇಮ್ ಇದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಬರೀ ಇನಿಶಿಯಲ್. ಇಷ್ಟಕ್ಕೇ ಅರ್ಜಿ ತಿರಸ್ಕಾರ ಆಗುತ್ತಾ ಅಂತ ಭಯ.

ಉತ್ತರ: ಎರಡೂ ಮಿಡ್ಲ್ ನೇಮ್‌ಗಳನ್ನು ಆ ಒಂದೇ ಬಾಕ್ಸಿನಲ್ಲಿ ಬರೆಯಿರಿ. ಪಾಸ್‌ಪೋರ್ಟಿನಲ್ಲಿರುವ ಕ್ರಮದಲ್ಲೇ, ಪೂರ್ತಿ ಸ್ಪೆಲಿಂಗಿನಲ್ಲಿ, ನಡುವೆ ಒಂದೇ ಒಂದು ಸ್ಪೇಸ್ ಬಿಟ್ಟು. ಕಾಮಾ ಬೇಡ, ಹೈಫನ್ ಬೇಡ, ಇನಿಶಿಯಲ್ ಬೇಡ. ಮದುವೆ ಪ್ರಮಾಣಪತ್ರದಲ್ಲಿರುವ ಚಿಕ್ಕ ಹೆಸರನ್ನೂ ಲೈಸೆನ್ಸಿನಲ್ಲಿರುವ ಇನಿಶಿಯಲ್ ಹೆಸರನ್ನೂ ಅದೇ ಫಾರ್ಮಿನ 'ಬಳಸಿದ ಇತರ ಹೆಸರುಗಳು' ಭಾಗದಲ್ಲಿ ಬರೆಯಿರಿ. ದಾಖಲೆಗಳಲ್ಲಿ ಹೆಸರು ಹೀಗೆ ಹೆಚ್ಚುಕಡಿಮೆ ಇದೆ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಆದರೆ ಆ ವ್ಯತ್ಯಾಸವನ್ನು ನೀವು ಹೇಳದೆ ಬಿಟ್ಟರೆ ವಲಸೆ ಇಲಾಖೆಯವರು ಕೇಳುತ್ತಾರೆ. ಅವರು ಕೇಳಿ, ನೀವು ಉತ್ತರ ಕಳಿಸುವಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ.

ಇದು ಸಣ್ಣ ಉತ್ತರ. ಆದರೆ ಒಬ್ಬರ ಹೆಸರನ್ನು ಐದಾರು ಫಾರ್ಮಿನಲ್ಲಿ ಬರೆಯುವಾಗ ಹತ್ತು ಬಗೆಯ ಗೊಂದಲ ಬರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹೆಂಡತಿಯ ಪಾಸ್‌ಪೋರ್ಟನ್ನು ಕೈಗೆ ತೆಗೆದುಕೊಳ್ಳಿ. ಫೋಟೋ ಇರುವ ಪುಟದ ಕೆಳಗೆ ಎರಡು ಸಾಲು ಒತ್ತಾದ ಅಕ್ಷರಗಳಿವೆ ನೋಡಿ, ನಡುನಡುವೆ ಬಾಣದ ತುದಿಯಂಥ ಗುರುತುಗಳು. ಮಷೀನ್ ಓದುವ ಸಾಲುಗಳು ಅವು. ಎಲ್ಲ ದೇಶಗಳ ಪಾಸ್‌ಪೋರ್ಟಿಗೂ ಈ ನಿಯಮ ಒಂದೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ, ತನ್ನ 9303 ಎಂಬ ದಾಖಲೆಯಲ್ಲಿ ಇದನ್ನು ಗೊತ್ತು ಮಾಡಿದೆ. ಆ ದಾಖಲೆಯಲ್ಲೇ ಒಂದು ಮಾದರಿ ಪಾಸ್‌ಪೋರ್ಟ್ ಇದೆ. ಯುಟೋಪಿಯಾ ಎಂಬ ಇಲ್ಲದ ದೇಶದ, ಅನ್ನಾ ಮರಿಯಾ ಎರಿಕ್ಸನ್ ಎಂಬ ಇಲ್ಲದ ಹೆಂಗಸಿನ ಪಾಸ್‌ಪೋರ್ಟ್. ಅವಳ ಹೆಸರು ಆ ಸಾಲಿನಲ್ಲಿ ಹೀಗೆ ಬರುತ್ತದೆ:

ಎರಿಕ್ಸನ್<<ಅನ್ನಾ<ಮರಿಯಾ<<<<<<<

ಮೊದಲು ಸರ್‌ನೇಮ್. ಆಮೇಲೆ ಎರಡು ಗುರುತು. ಆಮೇಲೆ ಉಳಿದ ಹೆಸರುಗಳು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದೇ ಗುರುತು. ಇದರಲ್ಲಿ ಮಿಡ್ಲ್ ನೇಮ್ ಎಂಬ ವಿಭಾಗವೇ ಇಲ್ಲ, ಗಮನಿಸಿದಿರಾ? ಮಷೀನಿನ ಲೆಕ್ಕದಲ್ಲಿ ಒಬ್ಬ ಮನುಷ್ಯನ ಹೆಸರಿನಲ್ಲಿ ಇರುವುದು ಎರಡೇ ಭಾಗ: ಜೋಡಿ ಗುರುತಿಗೆ ಮುಂಚಿನದು, ಅದರ ನಂತರದ್ದು. ನಿಮ್ಮ ಹೆಂಡತಿಯ ಮೂರು ಹೆಸರೂ ಆ ಎರಡನೇ ಭಾಗದಲ್ಲಿ ಸಾಲಾಗಿ ನಿಂತಿರುತ್ತವೆ. ಫಸ್ಟ್, ಮಿಡ್ಲ್ ಎಂದು ಒಡೆಯುವುದು ಅಮೆರಿಕದ ಫಾರ್ಮಿನ ರೂಢಿ, ಅಷ್ಟೆ.

ಹಾಗಾಗಿ ನೀವು ಯೋಚಿಸಬೇಕಾದ್ದು 'ಇವುಗಳಲ್ಲಿ ನಿಜವಾದ ಮಿಡ್ಲ್ ನೇಮ್ ಯಾವುದು' ಎಂದಲ್ಲ. ಪಾಸ್‌ಪೋರ್ಟಿನ ಆ ಸಾಲಿನಲ್ಲಿರುವ ಎಲ್ಲ ಪದಗಳೂ ಫಾರ್ಮಿಗೆ ಬಂದಿವೆಯೇ, ಅದೇ ಕ್ರಮದಲ್ಲಿ ಬಂದಿವೆಯೇ ಎಂದು. ಬಾಕ್ಸುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದಾಗ ಪಾಸ್‌ಪೋರ್ಟಿನ ಹೆಸರು ಪೂರ್ತಿಯಾಗಿ ಕೇಳಿಸಬೇಕು. ಕೇಳಿಸಿದರೆ ಸರಿ. ಒಂದು ಪದ ಕಳೆದಿದ್ದರೆ ತಪ್ಪು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಮಾರ್ಟಿನ್, ಗಿವನ್ ನೇಮ್ ಮಾಯಾ ರೋಸ್ ಎಲೆನಾ. ಅಮೆರಿಕದ ಫಾರ್ಮಿನಲ್ಲಿ ಫ್ಯಾಮಿಲಿ ನೇಮ್ ಬಾಕ್ಸಿಗೆ ಮಾರ್ಟಿನ್, ಗಿವನ್ ನೇಮ್ ಬಾಕ್ಸಿಗೆ ಮಾಯಾ, ಮಿಡ್ಲ್ ನೇಮ್ ಬಾಕ್ಸಿಗೆ ರೋಸ್ ಎಲೆನಾ. ಇಷ್ಟೇ.

ಇಲ್ಲೊಂದು ಎಚ್ಚರಿಕೆ. ಸಾಲಿನ ಮೊದಲ ಪದವೇ ಯಾವಾಗಲೂ ಇಡೀ ಫಸ್ಟ್ ನೇಮ್ ಆಗಿರಬೇಕೆಂದಿಲ್ಲ. ಕೆಲವರಿಗೆ ಎರಡು ಪದ ಸೇರಿಯೇ ಒಂದು ಹೆಸರು. ಕೊರಿಯಾದವರು ಮಾದರಿ ದಾಖಲೆಗಳಲ್ಲಿ ಬಳಸುವ ಹೆಸರು ಹಾಂಗ್ ಗಿಲ್-ಡಾಂಗ್. ಇದರಲ್ಲಿ ಹಾಂಗ್ ಮನೆತನದ ಹೆಸರು, ಗಿಲ್-ಡಾಂಗ್ ಪೂರ್ತಿ ಒಂದೇ ಹೆಸರು. ಇಂಗ್ಲಿಷಿನಲ್ಲಿ ಬಿಡಿಸಿ ಬರೆದಾಗ ಎರಡು ಪದದಂತೆ ಕಾಣುತ್ತದೆ. ಅದನ್ನು ನೋಡಿ ಗಿಲ್ ಫಸ್ಟ್, ಡಾಂಗ್ ಮಿಡ್ಲ್ ಎಂದು ಒಡೆದರೆ, ಮುಂದೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕೆಲಸದ ಜಾಗದಲ್ಲಿ ಎಲ್ಲರೂ ಅವರನ್ನು ಅರ್ಧ ಹೆಸರಿನಲ್ಲೇ ಕರೆಯುತ್ತಾರೆ. ಅಂಥವರು ಎರಡೂ ಪದವನ್ನು ಗಿವನ್ ನೇಮ್ ಬಾಕ್ಸಿನಲ್ಲೇ ಬರೆದು ಮಿಡ್ಲ್ ನೇಮ್ ಇಲ್ಲ ಎನ್ನಬೇಕು. ವಿಯೆಟ್ನಾಮಿನ ಹೆಸರುಗಳಲ್ಲಿ ಮನೆತನ ಮೊದಲು, ಕರೆಯುವ ಹೆಸರು ಕೊನೆಗೆ, ಉಳಿದದ್ದು ನಡುವೆ. ಸ್ಪ್ಯಾನಿಷ್ ಹೆಸರುಗಳಲ್ಲಿ ಕೊನೆಯ ಎರಡೂ ಪದ ಸರ್‌ನೇಮ್. ಅವುಗಳಲ್ಲಿ ಮೊದಲನೆಯದು ಮಧ್ಯೆ ಕೂತಿದೆ ಎಂದು ಮಿಡ್ಲ್ ನೇಮ್ ಬಾಕ್ಸಿಗೆ ತಳ್ಳುವುದು ನಾನು ಅತಿ ಹೆಚ್ಚು ಕಂಡ ತಪ್ಪುಗಳಲ್ಲಿ ಒಂದು. ಪಾಸ್‌ಪೋರ್ಟಿನ ಜೋಡಿ ಗುರುತು ಎಲ್ಲಿದೆ ಎಂದು ನೋಡಿದರೆ ಈ ತಪ್ಪು ಆಗುವುದೇ ಇಲ್ಲ. ಅದಕ್ಕಿಂತ ಮುಂಚೆ ಇರುವುದೆಲ್ಲ ಸರ್‌ನೇಮ್ ಬಾಕ್ಸಿಗೆ.

ಈಗ ಹೈಫನ್ ವಿಷಯ. ಎರಡು ಹೆಸರು ಬೇರೆ ಆಗದಿರಲಿ ಎಂದು ನಡುವೆ ಒಂದು ಗೆರೆ ಹಾಕಿಬಿಡೋಣ ಅಂತ ತುಂಬಾ ಜನರಿಗೆ ಅನ್ನಿಸುತ್ತದೆ. ಬೇಡ. ಪಾಸ್‌ಪೋರ್ಟಿನಲ್ಲಿ ಹೈಫನ್ ಇದ್ದರೆ ಹಾಕಿ, ಇಲ್ಲದಿದ್ದರೆ ನೀವಾಗಿ ಸೇರಿಸಬೇಡಿ. ನೀವು ಹೈಫನ್ ಹಾಕಿದರೆ ಎರಡು ಹೆಸರು ಒಂದೇ ಹೊಸ ಹೆಸರಾಗುತ್ತದೆ, ಆ ಹೊಸ ಹೆಸರು ಬೇರೆ ಯಾವ ದಾಖಲೆಯಲ್ಲೂ ಇರುವುದಿಲ್ಲ. ಹೈಫನ್ ನಿಜಕ್ಕೂ ಇರುವವರು ಕೂಡ ಒಂದು ವಿಷಯ ತಿಳಿದಿರಲಿ: ಮಷೀನ್ ಓದುವ ಸಾಲಿನಲ್ಲಿ ಹೈಫನ್ ಜಾಗದಲ್ಲಿ ಆ ಬಾಣದ ಗುರುತೇ ಬರುತ್ತದೆ. ಅಪಾಸ್ಟ್ರಫಿ ಇದ್ದರೆ ಅದನ್ನು ತೆಗೆದು ಅಕ್ಷರಗಳನ್ನು ಕೂಡಿಸುತ್ತಾರೆ. ಹಾಗಾಗಿ ಕೆಲವು ದಾಖಲೆಗಳಲ್ಲಿ ಹೈಫನ್ ಇದ್ದು, ಕೆಲವದರಲ್ಲಿ ಇಲ್ಲದಿದ್ದರೆ ಗಾಬರಿ ಆಗಬೇಕಿಲ್ಲ. ಅಧಿಕಾರಿಗಳಿಗೆ ಇದು ದಿನವೂ ಕಾಣುವ ಸಂಗತಿ.

ಇನಿಶಿಯಲ್ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಪಾಸ್‌ಪೋರ್ಟಿನಲ್ಲೇ ಬರೀ ಇನಿಶಿಯಲ್ ಇದ್ದರೆ ಮಾತ್ರ ಇನಿಶಿಯಲ್ ಬರೆಯಿರಿ. ಪೂರ್ತಿ ಹೆಸರು ಇದ್ದಲ್ಲಿ ಪೂರ್ತಿ ಬರೆಯಿರಿ. ಕೆನಡಾದ ವಲಸೆ ಅರ್ಜಿಯ ಸೂಚನೆಯಲ್ಲಂತೂ ಇದನ್ನು ನೇರವಾಗೇ ಹೇಳಿದ್ದಾರೆ: ಮೊದಲನೇ, ಎರಡನೇ, ಇನ್ನೂ ಎಷ್ಟಿವೆಯೋ ಅಷ್ಟೂ ಗಿವನ್ ನೇಮ್ ಬರೆಯಬೇಕು, ಇನಿಶಿಯಲ್ ಬಳಸಬಾರದು. ಇನಿಶಿಯಲ್ಲಿನಿಂದ ಯಾರನ್ನೂ ಗುರುತಿಸಲು ಆಗುವುದಿಲ್ಲ, ಅಲ್ವಾ? ಆರ್ ಎಂದರೆ ರೋಸ್ ಇರಬಹುದು, ರೂತ್ ಇರಬಹುದು, ರೆಬೆಕಾ ಇರಬಹುದು. ಹಿನ್ನೆಲೆ ಪರಿಶೀಲನೆ ಮಾಡುವವರಿಗೆ ಆ ಒಂದು ಅಕ್ಷರದಿಂದ ಏನೂ ಉಪಯೋಗವಿಲ್ಲ. ಹೆಸರು ಪೂರ್ತಿ ಇದ್ದಷ್ಟೂ ಬೇರೆ ಯಾರದೋ ದಾಖಲೆ ನಿಮ್ಮ ಹೆಂಡತಿಯದೆಂದು ತಪ್ಪು ತಿಳಿಯುವ ಸಾಧ್ಯತೆ ಕಡಿಮೆ.

ಒಂದು ಪ್ರಸಂಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಮಹಿಳೆ ನನ್ನ ಹತ್ತಿರ ಒಂದು ದಪ್ಪ ಲಕೋಟೆ ಹಿಡಿದುಕೊಂಡು ಬಂದರು. ಅವರಿಗೂ ಎರಡು ಮಿಡ್ಲ್ ನೇಮ್. ಹಣ ಪಡೆದು ಅರ್ಜಿ ತುಂಬಿಕೊಟ್ಟವರು ಯಾರೋ ಒಬ್ಬರು ಎರಡನೆಯದನ್ನು ಬಿಟ್ಟಿದ್ದರು. ಕೇಳಿದ್ದಕ್ಕೆ 'ಬಾಕ್ಸ್ ಒಂದೇ ಇದೆ, ಹೆಸರೂ ಒಂದೇ ಬರೆಯಬೇಕು' ಎಂದಿದ್ದರಂತೆ. ಜನನ ಪ್ರಮಾಣಪತ್ರದಲ್ಲಿ ಎರಡೂ ಹೆಸರಿದ್ದವು, ಪೊಲೀಸ್ ಪ್ರಮಾಣಪತ್ರದಲ್ಲೂ ಇದ್ದವು, ಅರ್ಜಿಯಲ್ಲಿ ಮಾತ್ರ ಒಂದು. 'ಇತರ ಹೆಸರುಗಳು' ಭಾಗ ಪೂರ್ತಿ ಖಾಲಿ. ಕೆಲವು ತಿಂಗಳಾದ ಮೇಲೆ ಹೆಚ್ಚಿನ ಸಾಕ್ಷ್ಯ ಕೇಳಿ ಪತ್ರ ಬಂತು: ಈ ಎರಡು ಹೆಸರಿನವರೂ ಒಬ್ಬರೇ ಎಂದು ತೋರಿಸಿ. ನಾವು ಕೂತು ಶಾಲೆಯ ದಾಖಲೆ, ಹಳೆಯ ಪಾಸ್‌ಪೋರ್ಟ್, ಅವರನ್ನು ಚಿಕ್ಕಂದಿನಿಂದ ಬಲ್ಲ ಇಬ್ಬರ ಅಫಿಡವಿಟ್ ಎಲ್ಲ ಕೂಡಿಸಿ ಕಳಿಸಿದೆವು. ಅರ್ಜಿ ಮಂಜೂರಾಯಿತು. ಆದರೆ ಕಾರ್ಡ್ ಬಂದಾಗ ಅದರಲ್ಲಿ ಅರ್ಜಿಯಲ್ಲಿದ್ದ ಚಿಕ್ಕ ಹೆಸರೇ ಇತ್ತು. ಅದನ್ನು ಸರಿಪಡಿಸಲು ಇನ್ನೊಂದು ಫಾರ್ಮ್, ಇನ್ನೊಂದು ಶುಲ್ಕ. ಅವರು ಕಾರ್ಡನ್ನು ಮೇಜಿನ ಮೇಲಿಟ್ಟು, 'ಇದು ನನ್ನ ಅಜ್ಜಿಯ ಹೆಸರು, ಅದನ್ನೇ ಬಿಟ್ಟಿದ್ದಾರೆ' ಎಂದಾಗ ನನಗೆ ನಿಜವಾಗಿಯೂ ಸಂಕಟ ಆಯಿತು. ಒಂದು ಸ್ಪೇಸ್ ಕೊಟ್ಟು ಇನ್ನೊಂದು ಪದ ಟೈಪ್ ಮಾಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಇಂಥ ಪತ್ರ ಬಂದರೆ ಉತ್ತರಿಸಲು ಕೊಡುವ ಗರಿಷ್ಠ ಅವಧಿ 12 ವಾರ. ಅದನ್ನು ವಿಸ್ತರಿಸುವುದಿಲ್ಲ. ಬೇರೆ ದೇಶದಿಂದ ಹಳೆಯ ದಾಖಲೆ ತರಿಸಬೇಕಾದವರಿಗೆ ಇದು ಜಾಸ್ತಿ ಸಮಯವೇನಲ್ಲ. ಅದಕ್ಕೇ ಮೊದಲೇ ಎಲ್ಲ ಹೇಳಿಬಿಡುವುದು ವಾಸಿ.

ಹೇಳುವ ಜಾಗವೇ ಈ 'ಬಳಸಿದ ಇತರ ಹೆಸರುಗಳು' ಎಂಬ ಭಾಗ. ಅಲಿಯಾಸ್ ಎಂದ ಕೂಡಲೇ ಏನೋ ಕಳ್ಳತನದ ಮಾತು ಎಂದುಕೊಂಡು ಜನ ಅದನ್ನು ಬಿಟ್ಟುಬಿಡುತ್ತಾರೆ. ಹಾಗೇನಿಲ್ಲ. ಈ ಭಾಗ ಇರುವುದು ನಿಮ್ಮ ಅನುಕೂಲಕ್ಕೇ. ಹುಟ್ಟಿದಾಗಿನ ಹೆಸರು, ಮದುವೆಗೆ ಮುಂಚಿನ ಸರ್‌ನೇಮ್, ಅಡ್ಡಹೆಸರು, ಹಿಂದಿನ ಮದುವೆಯ ಹೆಸರು, ಯಾವುದೋ ದಾಖಲೆಯಲ್ಲಿ ತಪ್ಪಾಗಿ ಅಚ್ಚಾದ ಸ್ಪೆಲಿಂಗ್, ಎಲ್ಲವೂ ಇಲ್ಲಿಗೆ ಬರಬೇಕು. ಅರ್ಜಿಯ ಜೊತೆ ಕಳಿಸುವ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಒಂದೊಂದರಲ್ಲೂ ಹೆಸರು ಹೇಗಿದೆ ಎಂದು ನೋಡಿ. ಮುಖ್ಯ ಬಾಕ್ಸುಗಳಲ್ಲಿ ಬರೆದದ್ದಕ್ಕಿಂತ ಒಂದು ಅಕ್ಷರ ಬೇರೆ ಇದ್ದರೂ ಅದನ್ನು ಇಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಮಾಯಾ ರೋಸ್ ಮಾರ್ಟಿನ್ ಒಂದು ಸಾಲು, ಅದು ಮದುವೆ ಪ್ರಮಾಣಪತ್ರದ್ದು. ಮಾಯಾ ಆರ್ ಮಾರ್ಟಿನ್ ಇನ್ನೊಂದು ಸಾಲು, ಅದು ಲೈಸೆನ್ಸಿನದು. ಮದುವೆಗೆ ಮುಂಚೆ ಬೇರೆ ಸರ್‌ನೇಮ್ ಇದ್ದರೆ ಅದು ಮೂರನೇ ಸಾಲು. ಆಗ ಅಧಿಕಾರಿ ಮದುವೆ ಪ್ರಮಾಣಪತ್ರವನ್ನು ತೆರೆದಾಗ ಅಲ್ಲಿರುವ ಹೆಸರು ಅವರಿಗೆ ಹೊಸದೇನಲ್ಲ, ನೀವೇ ಮೊದಲು ಹೇಳಿದ್ದೀರಿ.

ಸಾಲುಗಳು ಸಾಲದೇ ಹೋದರೆ? ಅಮೆರಿಕದ ಇಂಥ ಫಾರ್ಮುಗಳ ಕೊನೆಯಲ್ಲಿ ಹೆಚ್ಚುವರಿ ಮಾಹಿತಿ ಎಂಬ ಪುಟ ಇರುತ್ತದೆ. ಅಲ್ಲಿ ಯಾವ ಪುಟ, ಯಾವ ಭಾಗ, ಯಾವ ಪ್ರಶ್ನೆ ಸಂಖ್ಯೆ ಎಂದು ನಮೂದಿಸಿ ಉಳಿದದ್ದನ್ನು ಬರೆಯಬಹುದು. ಪಿಡಿಎಫ್ ಫಾರ್ಮಿನ ಬಾಕ್ಸಿನಲ್ಲಿ ಅಕ್ಷರಗಳು ಹಿಡಿಯದೇ ಹೋದಾಗಲೂ ಇದೇ ದಾರಿ. ಬಾಕ್ಸಿನಲ್ಲಿ ಹಿಡಿಯುವಷ್ಟು ಪೂರ್ತಿ ಪದಗಳನ್ನು ಬರೆಯಿರಿ, ಪದವನ್ನು ಅರ್ಧಕ್ಕೆ ಕತ್ತರಿಸಬೇಡಿ. ನಂತರ ಕೊನೆಯ ಪುಟದಲ್ಲಿ 'ಪೂರ್ತಿ ಮಿಡ್ಲ್ ನೇಮ್ ಹೀಗಿದೆ' ಎಂದು ಒಂದೇ ಸಾಲಿನಲ್ಲಿ ಬರೆಯಿರಿ.

ಇನ್ನು ಎಷ್ಟು ಕಡೆ ಬರೆಯಬೇಕು ಎಂಬ ವಿಷಯ. ನಿಮ್ಮಂಥ ಅರ್ಜಿಯಲ್ಲಿ, ನಿಮ್ಮ ಹೆಂಡತಿ ಅಮೆರಿಕದಲ್ಲೇ ಇದ್ದರೆ, ಅವರ ಹೆಸರು ಹೆಂಡತಿಗಾಗಿ ನೀವು ಸಲ್ಲಿಸುವ ಮನವಿ ಐ-130ರಲ್ಲಿ ಬರುತ್ತದೆ, ಅದರ ಜೊತೆ ಅವರ ವಿವರ ಕೊಡುವ ಐ-130ಎಯಲ್ಲಿ ಬರುತ್ತದೆ, ಅವರದೇ ಗ್ರೀನ್ ಕಾರ್ಡ್ ಅರ್ಜಿ ಐ-485ರಲ್ಲಿ ಬರುತ್ತದೆ. ಕೆಲಸದ ಪರವಾನಗಿ ಬೇಕೆಂದರೆ ಐ-765, ಪ್ರಯಾಣದ ಅನುಮತಿ ಬೇಕೆಂದರೆ ಐ-131. ನೀವು ಆರ್ಥಿಕ ಹೊಣೆ ಹೊರುವ ಐ-864ರಲ್ಲಿ ಮತ್ತೆ ಅವರ ಹೆಸರು. ವೈದ್ಯಕೀಯ ತಪಾಸಣೆಯ ಐ-693ರಲ್ಲಿ ಇನ್ನೊಮ್ಮೆ. ಅಂದರೆ ಏಳು ಕಡೆ. ಬೇರೆ ಬೇರೆ ಸಂಜೆ, ದಣಿದ ಕಣ್ಣಿನಲ್ಲಿ, ಒಂದರಲ್ಲಿ ಎರಡೂ ಹೆಸರು, ಇನ್ನೊಂದರಲ್ಲಿ ಒಂದು, ಮತ್ತೊಂದರಲ್ಲಿ ಇನಿಶಿಯಲ್ ಎಂದು ಬರೆದುಬಿಡುವುದು ತುಂಬಾ ಸುಲಭ. ನಾನು ಎಲ್ಲರಿಗೂ ಹೇಳುವ ಉಪಾಯ ಇದು: ಮೊದಲು ಒಂದು ಖಾಲಿ ಹಾಳೆಯಲ್ಲಿ ಹೆಸರನ್ನು ಬಾಕ್ಸಿನ ಪ್ರಕಾರ ಬಿಡಿಸಿ ಬರೆಯಿರಿ. ಕೆಳಗೆ ಇತರ ಹೆಸರುಗಳ ಪಟ್ಟಿ. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ಗಂಡ ಓದಲಿ, ಹೆಂಡತಿ ಬೆರಳಿಟ್ಟು ನೋಡಲಿ. ಆಮೇಲೆ ಎಲ್ಲ ಫಾರ್ಮನ್ನೂ ಆ ಹಾಳೆ ನೋಡಿಯೇ ತುಂಬಿ, ನೆನಪಿನಿಂದ ತುಂಬಬೇಡಿ. ಕಂಪ್ಯೂಟರಿನಲ್ಲಿ ತುಂಬುವವರು ಬ್ರೌಸರಿನ ತಾನಾಗಿ ತುಂಬುವ ಸೌಲಭ್ಯವನ್ನು ಆಫ್ ಮಾಡಿ. ಹಿಂದೆ ಯಾವುದೋ ಸೈಟಿಗೆ ಕೊಟ್ಟ ಚಿಕ್ಕ ಹೆಸರನ್ನು ಅದು ಸುಮ್ನೆ ತಂದು ತುಂಬಿಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ವೈದ್ಯಕೀಯ ಫಾರ್ಮಿನ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಡಾಕ್ಟರ್ ಅದನ್ನು ಲಕೋಟೆಯಲ್ಲಿಟ್ಟು ಸೀಲ್ ಮಾಡಿ ಕೊಡುತ್ತಾರೆ, ನೀವು ತೆರೆಯುವಂತಿಲ್ಲ. ಹೆಸರು ತಪ್ಪಿದ್ದರೆ ಆಮೇಲೆ ನೀವೇ ಸರಿಮಾಡಲು ಆಗುವುದಿಲ್ಲ. ಹಾಗಾಗಿ ಸೀಲ್ ಮಾಡುವ ಮುಂಚೆಯೇ ಒಂದು ಸಲ ತೋರಿಸಿ ಎಂದು ಕೇಳಿ. ಸಂಕೋಚ ಬೇಡ. ನಿಮ್ಮ ಬಳಿ ಇಟ್ಟುಕೊಳ್ಳಲು ಒಂದು ಪ್ರತಿಯನ್ನೂ ಕೇಳಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೆ ಕೇಳುವವರು ಬಹಳ: ಮಿಡ್ಲ್ ನೇಮೇ ಇಲ್ಲದವರು ಏನು ಬರೆಯಬೇಕು? ಅಮೆರಿಕದ ಕಾಗದದ ಫಾರ್ಮುಗಳ ಸೂಚನೆ ಪ್ರಕಾರ ಅನ್ವಯಿಸದ ಪ್ರಶ್ನೆಗೆ ಎನ್/ಎ ಎಂದು ಬರೆಯಬೇಕು. ಇದು ಬರೀ ಶಿಷ್ಟಾಚಾರದ ಮಾತಲ್ಲ. 2019ರ ಕೊನೆಯಿಂದ 2020ರ ಡಿಸೆಂಬರ್ ಕೊನೆಯವರೆಗೆ ಅಲ್ಲಿನ ವಲಸೆ ಇಲಾಖೆ ಆಶ್ರಯ ಕೋರುವ ಐ-589, ಅಪರಾಧಕ್ಕೆ ಬಲಿಯಾದವರ ಐ-918 ಮುಂತಾದ ಕೆಲವು ಫಾರ್ಮುಗಳಲ್ಲಿ ಒಂದು ಬಾಕ್ಸ್ ಖಾಲಿ ಇದ್ದರೂ ವಾಪಸ್ ಕಳಿಸುತ್ತಿತ್ತು. ಮಿಡ್ಲ್ ನೇಮ್ ಇಲ್ಲದವರು ಆ ಬಾಕ್ಸನ್ನು ಖಾಲಿ ಬಿಟ್ಟಿದ್ದಕ್ಕೂ ಅರ್ಜಿ ಹಿಂತಿರುಗಿದ್ದುಂಟು. ವಿಷಯ ಕೋರ್ಟಿಗೆ ಹೋಗಿ ಆ ಪದ್ಧತಿ ನಿಂತಿತು. ಆದರೂ ಎನ್/ಎ ಬರೆಯುವ ಅಭ್ಯಾಸ ಒಳ್ಳೆಯದು. ಆನ್‌ಲೈನ್ ಫಾರ್ಮಿನಲ್ಲಿ ಮಾತ್ರ, ಆ ಬಾಕ್ಸ್ ಕಡ್ಡಾಯ ಎಂದು ಗುರುತು ಇಲ್ಲದಿದ್ದರೆ ಖಾಲಿ ಬಿಡಿ. ಅಲ್ಲಿ ಟೈಪ್ ಮಾಡಿದ್ದು ನೇರವಾಗಿ ದಾಖಲೆಗೆ ಹೋಗುತ್ತದೆ.

ಎಲ್ಲ ಫಾರ್ಮಿನಲ್ಲೂ ಮಿಡ್ಲ್ ನೇಮ್ ಬಾಕ್ಸ್ ಇರುವುದಿಲ್ಲ ಎಂಬುದೂ ನೆನಪಿರಲಿ. ಅಮೆರಿಕದ ವಿಸಾ ಅರ್ಜಿ ಡಿಎಸ್-160ರಲ್ಲಿ ಎರಡೇ ಬಾಕ್ಸ್: ಸರ್‌ನೇಮ್ಸ್, ಗಿವನ್ ನೇಮ್ಸ್. ಅಲ್ಲಿ ಮಾಯಾ ರೋಸ್ ಎಲೆನಾ ಮೂರೂ ಒಟ್ಟಿಗೆ ಎರಡನೇ ಬಾಕ್ಸಿಗೆ. ನಿಮ್ಮ ಹೆಂಡತಿಯ ವಿಸಾದಲ್ಲಿ ಮೂರೂ ಇರುವುದು ಇದರಿಂದಲೇ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಒಂದೇ ವಿಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳ ಫಾರ್ಮುಗಳೂ ಹೆಚ್ಚುಕಡಿಮೆ ಹೀಗೇ. ಪಾಸ್‌ಪೋರ್ಟಿನಂತೆ ಎರಡು ಭಾಗ, ಮಿಡ್ಲ್ ನೇಮ್‌ಗಳೆಲ್ಲ ಗಿವನ್ ನೇಮಿನ ಜೊತೆ. ಒಂದು ಫಾರ್ಮಿನಲ್ಲಿ ಮೂರೂ ಒಟ್ಟಿಗೆ ಇದ್ದು ಇನ್ನೊಂದರಲ್ಲಿ ಒಂದು ಮತ್ತು ಎರಡು ಎಂದು ಒಡೆದಿದ್ದರೆ ಅದು ವ್ಯತ್ಯಾಸ ಅಲ್ಲ. ಪದಗಳೂ ಅವೇ, ಕ್ರಮವೂ ಅದೇ. ಅಮೆರಿಕಕ್ಕೆ ಬಂದಿಳಿದ ದಾಖಲೆ ಐ-94 ಅನ್ನು ಆನ್‌ಲೈನಿನಲ್ಲಿ ಹುಡುಕುವಾಗಲೂ ಇದೇ ಕಾರಣಕ್ಕೆ ಜನ ಕಂಗಾಲಾಗುತ್ತಾರೆ. ಬರೀ ಫಸ್ಟ್ ನೇಮ್ ಕೊಟ್ಟರೆ ದಾಖಲೆ ಸಿಗುವುದಿಲ್ಲ. ಫಸ್ಟ್ ನೇಮ್ ಬಾಕ್ಸಿನಲ್ಲೇ ಮಿಡ್ಲ್ ನೇಮ್‌ಗಳನ್ನೂ ಸೇರಿಸಿ ಹುಡುಕಿ ನೋಡಿ, ಅನೇಕ ಸಲ ತಕ್ಷಣ ಬರುತ್ತದೆ.

ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರಕ್ಕೂ ಹೊಂದದವರು ಸ್ವಲ್ಪ ಹೆಚ್ಚು ಎಚ್ಚರ ವಹಿಸಬೇಕು. ಫಾರ್ಮ್ ಕೇಳುವುದು ಈಗಿನ ಕಾನೂನುಬದ್ಧ ಹೆಸರು. ಸಾಮಾನ್ಯವಾಗಿ ಪಾಸ್‌ಪೋರ್ಟಿನಲ್ಲಿ ಅದೇ ಇರುತ್ತದೆ. ಮದುವೆಯಿಂದಲೋ ಕೋರ್ಟ್ ಆದೇಶದಿಂದಲೋ ಹೆಸರು ಬದಲಾಗಿ, ಪಾಸ್‌ಪೋರ್ಟಿನಲ್ಲಿ ಇನ್ನೂ ಹಳೆಯದೇ ಇದ್ದರೆ, ಸಾಧ್ಯವಾದಷ್ಟೂ ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ ಆಮೇಲೆ ಅರ್ಜಿ ಹಾಕಿ. ಕಾಯಲು ಆಗದಿದ್ದರೆ, ಬದಲಾವಣೆಯ ದಾಖಲೆಯನ್ನು ಅರ್ಜಿಯ ಜೊತೆಗೇ ಕಳಿಸಿ, ಹಳೆಯದನ್ನು ಇತರ ಹೆಸರಿನಲ್ಲಿ ತೋರಿಸಿ. ಜನನ ಪ್ರಮಾಣಪತ್ರ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಪೂರ್ತಿ ಅನುವಾದ ಬೇಕು, ಅನುವಾದ ಸರಿಯಾಗಿದೆ ಮತ್ತು ತನಗೆ ಆ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಮಾಡಿ ಹೇಳಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಅನುವಾದಕರಿಗೆ ಪಾಸ್‌ಪೋರ್ಟಿನ ಪ್ರತಿಯನ್ನೂ ಕೊಡಿ. ಇಲ್ಲದಿದ್ದರೆ ಮಿಡ್ಲ್ ನೇಮನ್ನು ಅವರು ತಮಗೆ ತೋಚಿದ ಸ್ಪೆಲಿಂಗಿನಲ್ಲಿ ಬರೆಯುತ್ತಾರೆ, ಇಲ್ಲದ ಒಂದು ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ನಿಮ್ಮ ಮದುವೆ ಪ್ರಮಾಣಪತ್ರ ಬದಲಾಯಿಸಬೇಕೇ? ನನ್ನ ಪ್ರಕಾರ ಬೇಡ. ಫಸ್ಟ್ ನೇಮ್, ಸರ್‌ನೇಮ್, ಹುಟ್ಟಿದ ದಿನ ಸರಿ ಇದ್ದು, ಒಂದು ಮಿಡ್ಲ್ ನೇಮ್ ಮಾತ್ರ ಕಾಣೆಯಾಗಿದ್ದರೆ, ಇತರ ಹೆಸರುಗಳ ಪಟ್ಟಿಯಲ್ಲಿ ತೋರಿಸಿದರೆ ಸಾಕು. ಸರ್‌ನೇಮೇ ತಪ್ಪಿದ್ದರೆ, ಹುಟ್ಟಿದ ದಿನ ತಪ್ಪಿದ್ದರೆ ಆಗ ತಿದ್ದಿಸಲೇಬೇಕು.

ಅರ್ಜಿ ಕಳಿಸಿದ ಮೇಲೂ ಒಂದು ಕೆಲಸ ಬಾಕಿ ಇದೆ. ಸ್ವೀಕೃತಿ ಪತ್ರ ಬರುತ್ತದೆ, ಅದಕ್ಕೆ ಐ-797ಸಿ ಎನ್ನುತ್ತಾರೆ. ಬಂದ ದಿನವೇ ಹೆಸರು ನೋಡಿ. ಕಾಗದದ ಅರ್ಜಿಯನ್ನು ಕಂಪ್ಯೂಟರಿಗೆ ಸೇರಿಸುವಾಗ ಎರಡನೇ ಮಿಡ್ಲ್ ನೇಮ್ ಬಿಟ್ಟುಹೋಗಿರಬಹುದು. ಹಾಗಾಗಿದ್ದರೆ ವಲಸೆ ಇಲಾಖೆಯ ಸೈಟಿನಲ್ಲಿ ಅಚ್ಚಿನ ತಪ್ಪು ತಿದ್ದಲು ಕೋರುವ ವ್ಯವಸ್ಥೆ ಇದೆ, ಅದಕ್ಕೆ ಹಣ ಇಲ್ಲ. ಕಾರ್ಡ್ ಅಚ್ಚಾಗುವ ಮುಂಚೆ ಹೇಳಿದರೆ ಕೆಲಸ ಸುಲಭ. ಅಚ್ಚಾದ ಮೇಲಾದರೆ ಐ-90 ಫಾರ್ಮ್ ಹಾಕಬೇಕು. ತಪ್ಪು ಇಲಾಖೆಯದಾದರೆ ಅದಕ್ಕೂ ಶುಲ್ಕ ಇಲ್ಲ. ತಪ್ಪು ನಿಮ್ಮದಾದರೆ ಇದೆ. ಅದಕ್ಕಾಗಿಯೇ ಕಳಿಸಿದ ಪ್ರತಿಯೊಂದು ಪುಟದ ನಕಲು ಇಟ್ಟುಕೊಳ್ಳಿ. ತಪ್ಪು ಯಾರದೆಂದು ತೋರಿಸಲು ಅದೇ ಆಧಾರ.

ಕಾರ್ಡಿನಲ್ಲಿ ಹೆಸರು ಮೊಟಕಾಗಿ ಕಂಡರೆ ಗಾಬರಿಯಾಗುವ ಮುಂಚೆ ಒಂದು ಲೆಕ್ಕ ನೋಡಿ. ಪಾಸ್‌ಪೋರ್ಟಿನ ಮಷೀನ್ ಸಾಲಿನಲ್ಲಿ 44 ಅಕ್ಷರದ ಜಾಗ, ಅದರಲ್ಲಿ ಹೆಸರಿಗೆ ಸಿಗುವುದು 39. ಕಾರ್ಡ್ ಗಾತ್ರದ ದಾಖಲೆಗಳಲ್ಲಿ ಹೆಸರಿನ ಸಾಲಿಗೆ 30 ಜಾಗ ಮಾತ್ರ, ನಡುವಿನ ಗುರುತುಗಳೂ ಅದರಲ್ಲೇ ಸೇರಿ. ಉದ್ದ ಹೆಸರು ಇದ್ದವರಿಗೆ ಕೊನೆಯ ಮಿಡ್ಲ್ ನೇಮ್ ಅಲ್ಲಿ ಪೂರ್ತಿ ಹಿಡಿಯುವುದಿಲ್ಲ. ಅದು ತಪ್ಪಲ್ಲ, ಜಾಗದ ಮಿತಿ. ಇಲಾಖೆಯ ದಾಖಲೆಯಲ್ಲಿ ಹೆಸರು ಪೂರ್ತಿ ಇದೆಯೇ ಎಂಬುದೇ ಮುಖ್ಯ. ಕೆಲಸ, ತೆರಿಗೆ, ಪಿಂಚಣಿಗೆ ಬೇಕಾಗುವ ಸಂಖ್ಯೆ ಇರುವ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲೂ ಹೀಗೇ: ಫಸ್ಟ್ ಮತ್ತು ಮಿಡ್ಲ್ ನೇಮ್ ಸೇರಿ 26 ಅಕ್ಷರ, ಸರ್‌ನೇಮ್‌ಗೆ ಇನ್ನೊಂದು 26. ಆ ಕಚೇರಿಯವರು ಮಿಡ್ಲ್ ನೇಮನ್ನು ಕಾನೂನುಬದ್ಧ ಹೆಸರಿನ ಭಾಗ ಎಂದೇ ಎಣಿಸುವುದಿಲ್ಲ. ಹಾಗಾಗಿ ಅಲ್ಲಿ ಒಂದು ಮಿಡ್ಲ್ ನೇಮ್ ಬಿಟ್ಟುಹೋದರೂ ಅವರ ಲೆಕ್ಕದಲ್ಲಿ ಅದು ದೊಡ್ಡ ದೋಷ ಅಲ್ಲ. ಒಂದೇ ದೇಶದ ಎರಡು ಕಚೇರಿಗಳು ಒಂದೇ ಹೆಸರನ್ನು ಬೇರೆ ಬೇರೆ ರೀತಿ ನೋಡುತ್ತವೆ, ಇದು ಗೊತ್ತಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಇಷ್ಟು ಉದ್ದ ಹೆಸರು ಹೊತ್ತು ತಿರುಗುವುದು ಕಷ್ಟ, ಒಂದನ್ನು ಬಿಟ್ಟರೆ ಚೆನ್ನ ಎಂದು ನಿಮ್ಮ ಹೆಂಡತಿಗೆ ಅನ್ನಿಸಿದರೆ ಅದಕ್ಕೂ ದಾರಿ ಇದೆ. ಆದರೆ ಅದು ಈ ಅರ್ಜಿಯಲ್ಲಿ ಸದ್ದಿಲ್ಲದೆ ಬಿಟ್ಟುಬಿಡುವ ದಾರಿ ಅಲ್ಲ. ಮುಂದೆ ಪೌರತ್ವಕ್ಕೆ ಎನ್-400 ಹಾಕುವಾಗ ಹೆಸರು ಬದಲಾವಣೆ ಕೋರುವ ಅವಕಾಶ ಇದೆ. ಪ್ರಮಾಣವಚನ ಕೋರ್ಟಿನಲ್ಲಿ ನಡೆದರೆ ಅಲ್ಲೇ ನ್ಯಾಯಾಧೀಶರು ಆದೇಶ ಕೊಡುತ್ತಾರೆ. ಅಲ್ಲಿಯವರೆಗೆ ಮೂರೂ ಹೆಸರು ಇರಲಿ.

ಒಂದು ವೇಳೆ ಐ-130 ಆಗಲೇ ಕಳಿಸಿಬಿಟ್ಟಿದ್ದು, ಅದರಲ್ಲಿ ಒಂದು ಹೆಸರು ಬಿಟ್ಟಿದ್ದರೆ, ಅದಕ್ಕೆ ಹೊಂದಿಸಲು ಉಳಿದ ಫಾರ್ಮುಗಳಲ್ಲೂ ಬಿಡಬೇಡಿ. ಉಳಿದದ್ದರಲ್ಲಿ ಸರಿಯಾಗಿ ಬರೆದು, ಐ-485ರ ಹೆಚ್ಚುವರಿ ಮಾಹಿತಿ ಪುಟದಲ್ಲಿ 'ಐ-130ರಲ್ಲಿ ಎಲೆನಾ ಎಂಬ ಎರಡನೇ ಮಿಡ್ಲ್ ನೇಮ್ ಕಣ್ತಪ್ಪಿನಿಂದ ಬಿಟ್ಟುಹೋಗಿದೆ, ಪೂರ್ತಿ ಹೆಸರು ಇದು' ಎಂದು ಎರಡು ಸಾಲು ಬರೆಯಿರಿ, ಐ-130ರ ರಸೀದಿ ಸಂಖ್ಯೆಯನ್ನೂ ಹಾಕಿ. ಸಂದರ್ಶನಕ್ಕೆ ಕರೆದಾಗ ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರದ ಮೂಲ ಪ್ರತಿ ತೆಗೆದುಕೊಂಡು ಹೋಗಿ. ಅಧಿಕಾರಿ ಎದುರಿಗೇ ಫಾರ್ಮಿನಲ್ಲಿ ತಿದ್ದಿಕೊಳ್ಳಬಹುದು. ಕೇಳುವವರೆಗೆ ಕಾಯಬೇಡಿ, ಕೂತ ತಕ್ಷಣ ನೀವೇ ಹೇಳಿ.